ಜಾತ್ರೆಗಾಗಿ ಮುರಿಯುವ ರೊಟ್ಟಿ

ರೊಟ್ಟಿಯನ್ನು ಸುಡುವುದು ಇಡಿಯಾಗಿ ಬಡಿಸುವುದಕ್ಕಾಗಿ, ಅದು ಲೋಕರೂಢಿ. ಹರಿದ ರೊಟ್ಟಿಯನ್ನು ಬೀಗರ ಎಲೆಗೆ ಹಾಕುವ ಗೃಹಿಣಿ ಯಾವ ಊರಿನಲ್ಲಿಯೂ ಇರಲಾರಳು. ಆದರೆ ಪುಷ್ಯಮಾಸ ಬಂದಿತೆಂದರೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳ ಹಳ್ಳಿಹಳ್ಳಿಗಳಲ್ಲಿ ಮುರಿಯುವುದಕ್ಕಾಗಿಯೇ ರೊಟ್ಟಿಯನ್ನು ಸುಡುತ್ತಾರೆ. ದಪ್ಪವಾಗಿ ಲಟ್ಟಿಸಿ, ಮಂದ ಉರಿಯಲ್ಲಿ ಎರಡೂ ಬದಿ ಕೆಂಪಗಾಗುವವರೆಗೆ ಬೇಯಿಸಿ, ಹಂಚಿನಿಂದ ಇಳಿಸಿದೊಡನೆಯೇ ಅದನ್ನು ಎರಡು ಹೋಳು ಮಾಡುತ್ತಾರೆ. ಆ ಹೋಳು ನಾಲ್ಕಾಗಿ, ನಾಲ್ಕು ನಲವತ್ತಾಗಿ, ಕೊನೆಗೆ ರವೆಯಂತೆ ಪುಡಿಯಾಗಿ ಬೆಲ್ಲದೊಡನೆ ಬೆರೆತಾಗ ಅದಕ್ಕೆ ಮಾದಲಿ ಎಂಬ ಹೆಸರು ಬರುತ್ತದೆ. ಕೆಲವರ ಬಾಯಲ್ಲಿ ಅದು ಮಾದ್ಲಿ, ಇನ್ನು ಕೆಲವರಲ್ಲಿ ಮಾಲ್ದಿ. ಹೆಸರು ಹೇಗೇ ಇರಲಿ, ಬಿಸಿ ಹಾಲು, ತುಪ್ಪಗಳೊಡನೆ ಕಲಸಿ ಉಂಡವರು ಅದರ ರುಚಿಯನ್ನು ಮರೆಯಲಾರರು.

ಮಾದಲಿ ಉತ್ತರ ಕರ್ನಾಟಕಕ್ಕೆಲ್ಲ ಸಲ್ಲುವ ಸಿಹಿ. ಮದುವೆಯ ಮನೆಯಲ್ಲಿ ಉಂಟು, ಊರ ದೇವರ ತೇರಿನಲ್ಲಿ ಉಂಟು, ಮಗಳನ್ನು ಗಂಡನ ಮನೆಗೆ ಕಳುಹುವಾಗ ಕಟ್ಟುವ ಬುತ್ತಿಯಲ್ಲಿಯೂ ಉಂಟು. ಆದರೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಾದಲಿಯ ಗೌರವವೇ ಬೇರೆ. ಅದು ಒಂದು ಮನೆಯದಲ್ಲ, ನೂರಾರು ಊರುಗಳದು.

ಗವಿಮಠದ ದಾಸೋಹ

ಕೊಪ್ಪಳದ ಬೆಟ್ಟಗಳು ಹಳೆಯವು, ಅವುಗಳ ಕೀರ್ತಿಯೂ ಹಳೆಯದು. ಗವಿಮಠದ ಬೆಟ್ಟದಲ್ಲಿಯೂ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಿರುಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಕವಿರಾಜಮಾರ್ಗವು ಕೊಪಣವನ್ನು ನೆನೆಯುತ್ತದೆ. ಇಂಥ ನೆಲದಲ್ಲಿ ಪ್ರತಿ ವರ್ಷ ಪುಷ್ಯ ಬಹುಳ ಬಿದಿಗೆಯಂದು ಸಂಜೆ ಗವಿಸಿದ್ಧೇಶ್ವರನ ತೇರು ಎಳೆಯುತ್ತಾರೆ. ಆ ತಿಥಿ 2024ರಲ್ಲಿ ಜನವರಿ 27ಕ್ಕೆ, 2025ರಲ್ಲಿ ಜನವರಿ 15ಕ್ಕೆ ಬಂದಿತ್ತು. ತೇರಿಗೆ ನೆರೆಯುವ ಜನಸಾಗರವನ್ನು ಕಂಡು ಇದನ್ನು ದಕ್ಷಿಣ ಭಾರತದ ಕುಂಭಮೇಳವೆಂದು ಕರೆಯುವುದು ಈಗ ವಾಡಿಕೆಯಾಗಿದೆ.

ತೇರು ಒಂದು ಸಂಜೆಯ ಸಂಭ್ರಮ. ದಾಸೋಹ ಹಲವು ದಿನಗಳ ಕಾಯಕ. ಬಂದವರೆಲ್ಲರಿಗೂ ಊಟವಿಕ್ಕುವ ಈ ಮಹಾದಾಸೋಹಕ್ಕೆ ಜೋಳದ ರೊಟ್ಟಿಗಳು ಲಕ್ಷಗಟ್ಟಲೆ ಬರುತ್ತವೆ, ಮಾದಲಿ ಕ್ವಿಂಟಲುಗಟ್ಟಲೆ ಬರುತ್ತದೆ. ಇವೆಲ್ಲ ಒಂದೇ ಅಡುಗೆಮನೆಯಲ್ಲಿ ಆಗುವವೇ? ಸಾಧ್ಯವಿಲ್ಲ. ಹಳ್ಳಿಯ ಒಂದೊಂದು ಮನೆಯಲ್ಲಿಯೂ ಕೈಲಾದಷ್ಟು ಮಾಡಿ, ಊರೊಟ್ಟಿಗೆ ಕೂಡಿಸಿ, ಚಕ್ಕಡಿಗಳಲ್ಲಿಯೋ ಟ್ರ್ಯಾಕ್ಟರುಗಳಲ್ಲಿಯೋ ಹೇರಿ, ಡೊಳ್ಳು ಭಜನೆಗಳೊಡನೆ ಮಠಕ್ಕೆ ಮುಟ್ಟಿಸುತ್ತಾರೆ. ಕೊಡಲು ರೊಟ್ಟಿಯಿಲ್ಲದವರು ಕಾಯಿಪಲ್ಯೆ ಕೊಡುತ್ತಾರೆ, ಅದೂ ಇಲ್ಲದವರು ಬಡಿಸುವುದಕ್ಕೆ ನಿಲ್ಲುತ್ತಾರೆ.

ಹೀಗೆ ಬಂದ ಮಾದಲಿಯೆಲ್ಲ ಒಂದೆಡೆ ರಾಶಿಯಾಗುತ್ತದೆ. ಬಡವನ ಮನೆಯದು, ಗೌಡರ ಮನೆಯದು ಎಂಬ ಗುರುತು ಅಲ್ಲಿ ಉಳಿಯುವುದಿಲ್ಲ. ಮನಸ್ಸಿಗೆ ಹಿತವೆನಿಸುವ ಮಾತು ಇದು. ಆದರೆ ಅಡುಗೆ ಬಲ್ಲ ಹೆಂಗಸರಿಗೆ ಇದೇ ಮಾತು ಎದೆಯಲ್ಲಿ ಒಂದು ಅಳುಕನ್ನೂ ಹುಟ್ಟಿಸುತ್ತದೆ. ಏಕೆಂದರೆ ರಾಶಿಯಲ್ಲಿ ಒಳ್ಳೆಯ ಮಾದಲಿಗೆ ಹೇಗೆ ಹೆಸರಿಲ್ಲವೋ ಕೆಟ್ಟ ಮಾದಲಿಗೂ ಹಾಗೆಯೇ ಹೆಸರಿಲ್ಲ.

ಹಸಿಯೆಂಬ ಶತ್ರು

ಮಾದಲಿಯ ವೈರಿ ತೇವ. ಚೆನ್ನಾಗಿ ಸುಟ್ಟು ಆರಿಸಿದ ರೊಟ್ಟಿಯ ಪುಡಿ ವಾರಗಟ್ಟಲೆ ಕೆಡದೆ ನಿಲ್ಲುತ್ತದೆ. ಆದರೆ ರೊಟ್ಟಿಯ ನಡುವೆ ಬೆರಳಗಲ ಹಿಟ್ಟು ಹಸಿಯಾಗಿ ಉಳಿದರೆ ಸಾಕು, ಎರಡು ಮೂರು ದಿನಗಳಲ್ಲಿ ಅಲ್ಲಿ ಹುಳಿವಾಸನೆ ಏಳುತ್ತದೆ, ಅನಂತರ ಬೂಷ್ಟು ಹಿಡಿಯುತ್ತದೆ. ಬೆಲ್ಲವಾದರೋ ತೇವವನ್ನು ಎಳೆದುಕೊಳ್ಳುವ ಪದಾರ್ಥ. ಬಿಸಿ ಪುಡಿಗೆ ಬೆಲ್ಲ ಸೇರಿಸಿದರೆ ಅದು ಕರಗಿ ಉಂಡೆಗಟ್ಟುತ್ತದೆ. ಆ ಉಂಡೆಯ ಒಳಗೆ ಹಬೆ ಸಿಕ್ಕಿಬೀಳುತ್ತದೆ. ಮನೆಯ ಡಬ್ಬಿಯಲ್ಲಿ ಹೀಗಾದರೆ ನಷ್ಟ ಒಂದು ಸೇರಿನದು. ಊರ ಚೀಲದಲ್ಲಿ ಹೀಗಾದರೆ ನಷ್ಟ ಊರಿನದು, ಅಪವಾದವೂ ಊರಿನದು.

ಆದುದರಿಂದಲೇ ರೊಟ್ಟಿಯನ್ನು ಮುರಿಯುವ ಕೆಲಸ ಕೇವಲ ಪುಡಿ ಮಾಡುವುದರ ಮೊದಲ ಹೆಜ್ಜೆಯಾಗದೆ ಒಂದು ಪರೀಕ್ಷೆಯೂ ಆಗಿದೆ. ಇಂಥ ಮನೆಗಳ ಅಡುಗೆಕೋಣೆಯನ್ನು ಊಹಿಸಿಕೊಳ್ಳಬಹುದು. ಒಲೆಯ ಮುಂದೆ ಹೊಸ ಸೊಸೆ. ಬೇಗ ಮುಗಿಸಬೇಕೆಂಬ ಆತುರದಲ್ಲಿ ಅವಳು ಉರಿ ದೊಡ್ಡದು ಮಾಡುತ್ತಾಳೆ. ರೊಟ್ಟಿಯ ಮೈ ಬೇಗ ಕೆಂಪಾಗುತ್ತದೆ, ನೋಡಲು ಬೆಂದಂತೆಯೇ ಕಾಣುತ್ತದೆ. ಮುರಿಯುವ ಅತ್ತೆ ಹೋಳನ್ನು ಬೆಳಕಿಗೆ ಹಿಡಿದು, ನಡುವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ನಡುಕ ಇನ್ನೂ ಹಸೀ ಐತಿ ನೋಡವಾ, ಮತ್ತ ಹಂಚಿಗೆ ಹಾಕು” ಎನ್ನುತ್ತಾಳೆ. ಗದರಿಕೆಯ ಧ್ವನಿಯಿಲ್ಲ. ಆದರೆ ಆ ಹೋಳು ಪುಡಿಯ ಪರಾತಕ್ಕೆ ಬೀಳುವುದೂ ಇಲ್ಲ. ಉಣ್ಣುವವರು ಯಾರೋ ಗೊತ್ತಿಲ್ಲ. ಮಾಡಿದವರು ಯಾರೆಂದು ಅವರಿಗೂ ಗೊತ್ತಾಗುವುದಿಲ್ಲ. ಯಾರೂ ಕೇಳಲಾರದ ಲೆಕ್ಕವನ್ನು ತಾನೇ ಒಪ್ಪಿಸುವ ಈ ಶಿಸ್ತನ್ನು ಆ ಹುಡುಗಿ ಯಾವ ಪುಸ್ತಕದಿಂದ ಕಲಿಯಬಲ್ಲಳು?

ಮಾಡುವ ಬಗೆ

ಪಟ್ಟಣದ ಗೃಹಿಣಿಯರಿಗೂ ಇದು ಕಷ್ಟಸಾಧ್ಯವಲ್ಲ. 1 ಕಿಲೋ ಗೋಧಿಗೆ 100 ಗ್ರಾಂ ಕಡಲೆಬೇಳೆ ಬೆರೆಸಿ, ಬೆಚ್ಚಗಾಗುವಷ್ಟು ಹುರಿದು, ಗಿರಣಿಯಲ್ಲಿ ಸಣ್ಣ ರವೆಯ ಹದಕ್ಕೆ ಬೀಸಿಸಬೇಕು. ನುಣುಪು ಹಿಟ್ಟಾದರೆ ಮಾದಲಿ ಬಾಯಲ್ಲಿ ಅಂಟುತ್ತದೆ. ಎರಡು ಚಮಚ ತುಪ್ಪ, ಚಿಟಿಕೆ ಉಪ್ಪು, ಬಿಸಿನೀರು ಹಾಕಿ ಗಟ್ಟಿಯಾಗಿ ನಾದಿ ಅರ್ಧ ಗಂಟೆ ಮುಚ್ಚಿಡಬೇಕು. ಚಪಾತಿಗಿಂತ ದಪ್ಪನಾಗಿ ಲಟ್ಟಿಸಿ, ಎಣ್ಣೆ ಸೋಕಿಸದೆ, ಮಂದ ಉರಿಯಲ್ಲಿ ಬೇಯಿಸಬೇಕು. ಬಿಸಿಯಿರುವಾಗಲೇ ಮುರಿದು, ಹೋಳುಗಳನ್ನು ಬಟ್ಟೆಯ ಮೇಲೆ ಹರವಿ ಪೂರಾ ಆರಲು ಬಿಡಬೇಕು. ಹಿಂದೆ ಈ ಹೋಳುಗಳು ಒರಳಿಗೆ ಹೋಗುತ್ತಿದ್ದವು. ಈಗ ಮಿಕ್ಸಿ ಆ ಕೆಲಸವನ್ನು ಮಾಡುತ್ತದೆ. ಪುಡಿಯನ್ನು ಸಾಣಿಗೆಯಲ್ಲಿ ಸೋಸಿ, ಉಳಿದ ತರಿಯನ್ನು ಮತ್ತೊಮ್ಮೆ ಕುಟ್ಟಬೇಕು. ಇದಕ್ಕೆ 600 ಗ್ರಾಂನಷ್ಟು ಹೆರೆದ ಬೆಲ್ಲ, ಒಂದು ಹಿಡಿ ಪುಟಾಣಿ, ತುರಿದ ಒಣ ಕೊಬ್ಬರಿ, ಹುರಿದ ಗಸಗಸೆ, ಏಲಕ್ಕಿಪುಡಿ ಸೇರಿಸಿದರೆ ಮಾದಲಿ ಸಿದ್ಧ. ಹಸಿ ಕಾಯಿಯನ್ನು ಮಾತ್ರ ಹಾಕಬಾರದು. ಅದರೊಡನೆ ತೇವವೂ ಬರುತ್ತದೆ.

ದಿನದ ಕಾಳು, ಹಬ್ಬದ ಕಾಳು

ಜೋಳದ ನಾಡಿನಲ್ಲಿ ಹಬ್ಬದ ಸಿಹಿಗೆ ಗೋಧಿಯೇ ಏಕೆ? ಈ ಪ್ರಶ್ನೆಗೆ ನೆಲವೇ ಉತ್ತರ ಹೇಳುತ್ತದೆ. ಯಲಬುರ್ಗಾ, ಕುಷ್ಟಗಿಗಳು ಮಳೆಯನ್ನು ನಂಬಿದ ಸೀಮೆಗಳು. ಕಪ್ಪು ನೆಲದಲ್ಲಿ ಹಿಂಗಾರಿ ಜೋಳ, ಕೆಂಪು ನೆಲದಲ್ಲಿ ಸಜ್ಜೆ. ಗೋಧಿ ಬೆಳೆಯುತ್ತಿದ್ದುದು ಸ್ವಲ್ಪ. ಅದನ್ನು ಗಡಿಗೆಯಲ್ಲಿ ಕಾಯ್ದಿಟ್ಟು ಹಬ್ಬಕ್ಕೆ, ಬೀಗರಿಗೆ, ದೇವರಿಗೆ ತೆಗೆಯುತ್ತಿದ್ದರು. ಗಂಗಾವತಿಯ ಕಥೆ ಬೇರೆ. ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದೀಚೆಗೆ ಎಡದಂಡೆಯ ಕಾಲುವೆಯಲ್ಲಿ ಹರಿದು ಆ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಹೀಗೆ 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ರೂಪುಗೊಂಡ ಒಂದೇ ಜಿಲ್ಲೆಯಲ್ಲಿ ಮೂರು ಬಗೆಯ ಅನ್ನವುಂಟು: ಒಣನೆಲದ ರೊಟ್ಟಿ, ಕಾಲುವೆಯ ಅಕ್ಕಿ, ಹಬ್ಬದ ಗೋಧಿ. ದಾಸೋಹದ ಪಂಕ್ತಿಯಲ್ಲಿ ಮೂರೂ ಒಂದೇ ತಾಟಿನಲ್ಲಿ ಕೂಡುತ್ತವೆ.

ಇದು ನಮ್ಮ ನಾಡಿನದೊಂದೇ ರೀತಿಯೆಂದು ತಿಳಿಯಬೇಕಾಗಿಲ್ಲ. ಸಾಗರಗಳಾಚೆಯ ಮೆಕ್ಸಿಕೋ ದೇಶದಲ್ಲಿಯೂ ದಿನದ ಆಹಾರ ಮೆಕ್ಕೆಜೋಳದ ರೊಟ್ಟಿಯೇ. ಗೋಧಿ ಅಲ್ಲಿಗೆ ಬಂದದ್ದು 16ನೆಯ ಶತಮಾನದಲ್ಲಿ, ಸ್ಪೇನಿನವರೊಡನೆ. ಆ ಗೋಧಿಯಿಂದ ಜನವರಿ 6ರ ಹಬ್ಬಕ್ಕೆ ‘ರೋಸ್ಕಾ ದೆ ರೆಯೆಸ್’ ಎಂಬ ಬಳೆಯಾಕಾರದ ಸಿಹಿರೊಟ್ಟಿಯನ್ನು ಮಾಡಿ, ಒಳಗೆ ಶಿಶುವಿನ ಪುಟ್ಟ ಬೊಂಬೆಯನ್ನು ಅಡಗಿಸಿಡುತ್ತಾರೆ. ಯಾರ ಹೋಳಿನಲ್ಲಿ ಬೊಂಬೆ ಸಿಕ್ಕಿತೋ ಅವರು ಫೆಬ್ರವರಿ 2ರಂದು ಉಳಿದವರಿಗೆಲ್ಲ ‘ತಮಾಲೆ’ ಎಂಬ, ಮೆಕ್ಕೆಜೋಳದ ಹಿಟ್ಟಿನ ಕಡುಬನ್ನು ಉಣಬಡಿಸಬೇಕು. ಅಲ್ಲಿ ರೊಟ್ಟಿಯನ್ನು ಕೊಯ್ದಾಗ ಒಬ್ಬರ ಪಾಲಿಗೆ ಅನ್ನದಾನದ ಸರದಿ ಬರುತ್ತದೆ. ಇಲ್ಲಿ ಸರದಿಯ ಮಾತೇ ಇಲ್ಲ. ರೊಟ್ಟಿ ಮುರಿಯುವ ಮನೆಗಳೆಲ್ಲವೂ ಆ ದಿನ ಅನ್ನದಾನದ ಮನೆಗಳೇ.

ಇನ್ನು ಸುಟ್ಟ ರೊಟ್ಟಿಯನ್ನು ಪುಡಿ ಮಾಡಿ ಸಿಹಿ ಬೆರೆಸುವ ವಿದ್ಯೆ ಬಹುದೂರ ಹಬ್ಬಿದೆ. ರಾಜಸ್ಥಾನದ ಚೂರ್ಮಾ ಇದರ ಸೋದರಿ. ಪಾರಸಿಯಲ್ಲಿ ‘ಮಾಲೀದಾ’ ಎಂದರೆ ಕೈಯಿಂದ ಉಜ್ಜಿದ್ದು; ದರ್ಗಾಗಳಲ್ಲಿ ಸಲ್ಲಿಸುವ ಮಲೀದಾ ಎಂಬ ಸಿಹಿಯೂ ರೊಟ್ಟಿಯನ್ನು ಬೆಲ್ಲ ತುಪ್ಪಗಳೊಡನೆ ಉಜ್ಜಿದ್ದೇ. ಮಠದ ರಾಶಿಗೂ ದರ್ಗಾದ ತಟ್ಟೆಗೂ ಒಂದೇ ಬಗೆಯ ಸಿಹಿ ಸಂದಿರುವುದು ಈ ಸೀಮೆಗೆ ಒಪ್ಪುವ ಸಂಗತಿಯೇ ಸರಿ.

ಉಳಿಯುವುದೇ ಈ ರೂಢಿ?

ಕಾಲ ತಿರುಗಿದೆ. ಕಾಯ್ದಿಟ್ಟು ತೆಗೆಯುತ್ತಿದ್ದ ಗೋಧಿ ಈಗ ದಿನದ ಚಪಾತಿಯಾಗಿದೆ. ಜೋಳವೇ ಗೋಧಿಗಿಂತ ತುಟ್ಟಿಯಾಗುವ ದಿನಗಳೂ ಬಂದಿವೆ. ಒರಳು ಹಿತ್ತಲು ಸೇರಿದೆ. ಪೊಟ್ಟಣ ಕಟ್ಟಿದ ಮಾದಲಿ ಅಂಗಡಿಯಲ್ಲಿ ದೊರೆಯುತ್ತದೆ. ದುಡಿಮೆಗೆ ಹೋಗುವ ಹೆಣ್ಣುಮಗಳು ಹಣ ಕೊಟ್ಟು ಅದನ್ನು ತಂದರೆ ತಪ್ಪೆನ್ನುವವರಾರು? ರೊಟ್ಟಿ ಬಡಿಯುವ, ಲಟ್ಟಿಸುವ, ಕುಟ್ಟುವ ಭಾರವೆಲ್ಲ ಹೆಂಗಸರ ತೋಳಿನ ಮೇಲೆಯೇ ಬಿದ್ದಿತ್ತೆಂಬುದನ್ನು, ಬಹುಮಟ್ಟಿಗೆ ಇಂದೂ ಬೀಳುತ್ತಿದೆಯೆಂಬುದನ್ನು ಮರೆತು ಹಳೆಯದನ್ನು ಹೊಗಳುವುದು ನ್ಯಾಯವಲ್ಲ. ಟ್ರ್ಯಾಕ್ಟರು ಹೇರುವ ಗಂಡಸರು ಹಂಚಿನ ಮುಂದೆಯೂ ಒಂದು ತಾಸು ಕುಳಿತರೆ ದಾಸೋಹದ ಪುಣ್ಯ ಕಡಿಮೆಯಾಗಲಾರದು.

ಆದರೂ ಮಠಕ್ಕೆ ಹೋಗುವ ಮಾದಲಿಯನ್ನು ಮನೆಯಲ್ಲಿಯೇ ಮಾಡಬೇಕೆಂಬ ಹಟ ಇನ್ನೂ ಸಡಿಲಿಲ್ಲ. ತಮ್ಮ ಮನೆಯ ಊಟಕ್ಕೆ ಮಾದಲಿ ಬೇಕೆಂಬ ಆಸೆಯೊಂದನ್ನೇ ನಂಬಿದ್ದರೆ ಈ ಸಿಹಿ ಎಂದೋ ಅಂಗಡಿಯ ಪಾಲಾಗುತ್ತಿತ್ತೇನೋ. ಊರ ಚೀಲದಲ್ಲಿ ತಮ್ಮದೂ ಒಂದು ಸೇರು ಇರಬೇಕೆಂಬ ಅಭಿಮಾನ ಅದನ್ನು ಕಾಪಾಡಿದೆ.

ಜಾತ್ರೆಗೆ ಬಂದ ಸೊಸೆ ತೇರು ನೋಡಿ, ಗದ್ದುಗೆಗೆ ನಮಸ್ಕರಿಸಿ, ಅತ್ತೆಯೊಡನೆ ಪಂಕ್ತಿಯಲ್ಲಿ ಕೂಡುತ್ತಾಳೆ. ತಾಟಿಗೆ ರೊಟ್ಟಿ ಬರುತ್ತದೆ, ಪಲ್ಯೆ ಬರುತ್ತದೆ, ಅನಂತರ ಒಂದು ಹಿಡಿ ಮಾದಲಿ. ಅದು ಕುಷ್ಟಗಿಯ ಹಂಚಿನದೋ ಯಲಬುರ್ಗಾದ ಒಲೆಯದೋ ತಿಳಿಯುವಂತಿಲ್ಲ. ಬಾಯಿಗಿಟ್ಟು ಅಗಿಯುತ್ತಾಳೆ; ಹುಳಿಯಿಲ್ಲ, ಹಸಿಯಿಲ್ಲ. ಎಲ್ಲಿಯೋ ಒಂದು ಮನೆಯಲ್ಲಿ ಯಾರೋ ಒಬ್ಬಳು ರೊಟ್ಟಿಯ ನಡುವನ್ನು ಒತ್ತಿ ನೋಡಿದ್ದಾಳೆ.