ಅಂಗೈಯ ಮೇಲಿನ ದಂಡು



ದೀಪಾವಳಿ ಬಂತೆಂದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಓಣಿಗಳಲ್ಲಿ ಮಕ್ಕಳು ಮಣ್ಣಿನ ಕಿಲ್ಲಾ ಕಟ್ಟುವುದನ್ನು ನೀವು ನೋಡಿಯೇ ಇದ್ದೀರಿ. ಕಲ್ಲು, ಇಟ್ಟಂಗಿ ಚೂರು ಪೇರಿಸಿ, ಹರಕು ಗೋಣಿಚೀಲ ಹೊದಿಸಿ, ಮೇಲೆ ಕೆಮ್ಮಣ್ಣಿನ ರಾಡಿ ಬಳಿದು, ಸಾಸಿವೆ ಬಿತ್ತಿ ಕೆಲವೇ ದಿನಗಳಲ್ಲಿ ಹಸಿರು ಗುಡ್ಡ ಮಾಡುತ್ತಾರೆ. ನೆತ್ತಿಯ ಮೇಲೆ ಶಿವಾಜಿ ಮಹಾರಾಜರು, ಬುರುಜು ಬಾಗಿಲುಗಳಲ್ಲಿ ಸಂತೆಯಿಂದ ತಂದ ಮಾವಳೆಗಳು. ಹೊಸೂರು, ಮಡಕಶಿರಾ ಕಡೆಯ ಕೇಳುಗರು ನವರಾತ್ರಿಯ ಬೊಂಬೆ ಮೆಟ್ಟಿಲ ಮೇಲೆ ಜಂಬೂಸವಾರಿಯ ಮುಂದೆ ಸಾಲಾಗಿ ನಿಲ್ಲುವ ಸಿಪಾಯಿ ಬೊಂಬೆಗಳನ್ನು ನೆನಪಿಗೆ ತಂದುಕೊಳ್ಳಲಿ.

ಇಂಥ ಪುಟ್ಟ ಸಿಪಾಯಿಗಳನ್ನು ಜೋಪಾನವಾಗಿ ಕೂಡಿಹಾಕಿ, ಅವರ ಕಾಲದ ಉಡುಪಿಗೆ ತಕ್ಕಂತೆ ಬಣ್ಣ ಹಚ್ಚುವುದು ಜಗತ್ತಿನ ಅನೇಕ ಕಡೆ ದೊಡ್ಡವರ ಹವ್ಯಾಸವಾಗಿದೆ. ಇದು ಬರೀ ಹುಡುಗಾಟವೆಂದು ತಿಳಿಯಬೇಡಿ. ಇದರಲ್ಲಿ ಇತಿಹಾಸ ಉಂಟು, ಕೈಕಸುಬು ಉಂಟು, ಲೆಕ್ಕಾಚಾರವೂ ಉಂಟು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದ ನನ್ನಂಥವನಿಗೆ ಹಿಡಿಸಿದ್ದು ಆ ಮೂರನೆಯದೇ.

ಮೊದಲು ಇದರ ವಂಶಾವಳಿ ನೋಡೋಣ. ಈಜಿಪ್ಟ್ ದೇಶದ ಅಸ್ಯೂತ್ ಎಂಬಲ್ಲಿ ಮೆಸೆಹ್ತಿ ಎಂಬ ಅಧಿಕಾರಿಯ ಗೋರಿ ಇದೆ. ಅದು ಕ್ರಿಸ್ತಪೂರ್ವ ಸುಮಾರು 2000ದ ಕಾಲದ್ದು. ಅದರಲ್ಲಿ ಮರದಿಂದ ಕೆತ್ತಿ ಬಣ್ಣ ಬಳಿದ ಎರಡು ತುಕಡಿ ಸೈನಿಕರು ಸಿಕ್ಕರು. 40 ಮಂದಿ ಭರ್ಚಿ ಹಿಡಿದ ಈಜಿಪ್ಟಿನವರು, 40 ಮಂದಿ ಬಿಲ್ಲು ಹಿಡಿದ ನ್ಯೂಬಿಯಾದವರು. ಸತ್ತ ಯಜಮಾನನಿಗೆ ಪರಲೋಕದಲ್ಲಿಯೂ ಕಾವಲು ಇರಲಿ ಎಂಬುದು ಅವರ ನಂಬಿಕೆ.

ಮುಂದೆ 18ನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಹಿಲ್ಪರ್ಟ್ ಎಂಬ ತವರಗಾರ ಚಪ್ಪಟೆ ಸಿಪಾಯಿಗಳನ್ನು ಎರಕ ಹೊಯ್ಯತೊಡಗಿದ. ಇವುಗಳ ಅಚ್ಚನ್ನು ಸ್ಲೇಟು ಕಲ್ಲಿನಲ್ಲಿ ಕೊರೆಯುತ್ತಿದ್ದರು. ನಾವು ಅಕ್ಷರ ತಿದ್ದಿದ ಪಾಟಿಯ ಕಲ್ಲೇ ಅದು. ಅದೇ ಊರಿನಲ್ಲಿ 1839ರಲ್ಲಿ ಆರಂಭವಾದ ಹೈನ್‌ರಿಕ್ಸೆನ್ ಕಾರ್ಖಾನೆಯಿಂದಾಗಿ 30 ಮಿಲಿಮೀಟರ್ ಎತ್ತರ ಒಂದು ಪದ್ಧತಿಯಾಗಿ ನಿಂತಿತು. ಇಂದಿಗೂ ಕುಲ್ಮ್‌ಬಾಖ್ ಊರಿನ ಪ್ಲಾಸೆನ್‌ಬುರ್ಗ್ ಕೋಟೆಯೊಳಗೆ ತವರದ ಬೊಂಬೆಗಳಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ.

ಇನ್ನು ಇಂಗ್ಲೆಂಡಿನ ಮಾತು. ಅಲ್ಲಿಯ ಪೇಟೆಯನ್ನು ಜರ್ಮನಿಯ ಗಟ್ಟಿ ಸೀಸದ ಸಿಪಾಯಿಗಳೇ ಆಳುತ್ತಿದ್ದ ಕಾಲದಲ್ಲಿ, 1893ರಲ್ಲಿ, ಲಂಡನ್ನಿನ ವಿಲಿಯಂ ಬ್ರಿಟನ್ ಎಂಬವರ ಮನೆತನ ಒಂದು ಉಪಾಯ ಹೂಡಿತು. ಚಳಿಗಾಲದಲ್ಲಿ ತುಪ್ಪದ ಡಬ್ಬಿಯನ್ನು ಗಮನಿಸಿ. ಅಂಚಿನ ತುಪ್ಪ ಮೊದಲು ಹೆಪ್ಪುಗಟ್ಟುತ್ತದೆ, ನಡುವಿನದು ಇನ್ನೂ ತೆಳ್ಳಗಿರುತ್ತದೆ. ಅದರಂತೆಯೇ ಕಾಯಿಸಿದ ಸೀಸದ ಮಿಶ್ರಣವನ್ನು ಲೋಹದ ಅಚ್ಚಿಗೆ ಹೊಯ್ದು, ಅಚ್ಚಿಗೆ ತಾಗಿದ ಪದರ ಗಟ್ಟಿಯಾದ ಕೂಡಲೆ ಉಳಿದದ್ದನ್ನು ಹೊರಕ್ಕೆ ಸುರಿದುಬಿಡುವುದು. ಒಳಗೆ ಪೊಳ್ಳು, ಹೊರಗೆ ಪೂರ್ಣ ಸಿಪಾಯಿ. ಸೀಸ ಕಡಿಮೆ, ತೂಕ ಕಡಿಮೆ, ಹೀಗಾಗಿ ಬೆಲೆಯೂ ಕಡಿಮೆ. ಜರ್ಮನಿಯ ಮಾಲು ಹಿಂದೆ ಬಿತ್ತು.

ಬ್ರಿಟನ್ ಕಂಪನಿಯ ಸಿಪಾಯಿಯ ಎತ್ತರ 54 ಮಿಲಿಮೀಟರ್. ಇದು ನಿಜ ಮನುಷ್ಯನ 32ರಲ್ಲಿ ಒಂದು ಪಾಲು. ಗುಣಿಸಿ ನೋಡಿ: 1728 ಮಿಲಿಮೀಟರ್, ಅಂದರೆ ಐದು ಅಡಿ ಎಂಟು ಅಂಗುಲ. ಆ ಕಂಪನಿ ಹಿಂದೂಸ್ಥಾನದ ಮದ್ರಾಸು, ಮುಂಬಯಿ, ಬಂಗಾಲದ ಪಲ್ಟಣಗಳನ್ನೂ ಮಾಡಿ ಮಾರಿತು. ಲೇಖಕ ಎಚ್. ಜಿ. ವೆಲ್ಸ್ ಇಂಥ ಸಿಪಾಯಿಗಳಿಂದ ನೆಲದ ಮೇಲೆ ಯುದ್ಧದಾಟ ಆಡುವ ನಿಯಮಗಳನ್ನು 1913ರಲ್ಲಿ ಪುಸ್ತಕವಾಗಿ ತಂದರು. 1935ರಲ್ಲಿ ಇಂಗ್ಲೆಂಡಿನ ಸಂಗ್ರಾಹಕರು ತಮ್ಮದೇ ಒಂದು ಸಂಘ ಕಟ್ಟಿಕೊಂಡರು.

ಆದರೆ ಸೀಸ ವಿಷ. ಮಕ್ಕಳು ಬಾಯಿಗಿಡುವ ಸಾಮಾನಿನಲ್ಲಿ ಅದು ಇರಬಾರದೆಂಬ ತಿಳಿವಳಿಕೆ ಬೆಳೆಯಿತು. 1966ರಲ್ಲಿ ಬ್ರಿಟನ್ ಕಂಪನಿ ಸೀಸದ ಎರಕ ನಿಲ್ಲಿಸಿತು. ಮಕ್ಕಳ ಕೈಗೆ ಪ್ಲಾಸ್ಟಿಕ್ ಸಿಪಾಯಿ ಬಂದ, ಲೋಹದ ಸಿಪಾಯಿ ದೊಡ್ಡವರ ಗಾಜಿನ ಕಪಾಟಿಗೆ ಏರಿದ.

ಹಾಗಾದರೆ ಬಣ್ಣ ಹಚ್ಚುವುದು ಹೇಗೆ? ಮೊದಲು ಅಚ್ಚಿನ ಎರಡು ಭಾಗ ಕೂಡಿದ ಕಡೆ ಉಳಿದ ಗೆರೆಯನ್ನು ಸಣ್ಣ ಅರದಿಂದ ಉಜ್ಜಿ ತೆಗೆಯಬೇಕು. ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಜಿಡ್ಡಿದ್ದರೆ ಬಣ್ಣ ನಿಲ್ಲುವುದಿಲ್ಲ. ಆಮೇಲೆ ಪ್ರೈಮರಿನ ತೆಳು ಅಸ್ತರು. ಅದರ ಮೇಲೆ ನೀರು ಬೆರೆಸುವ ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಎರಡು ಮೂರು ಸಲ. ಒಮ್ಮೆಲೇ ದಪ್ಪಗೆ ಬಳಿದರೆ ಮೂಗು, ಮೀಸೆ, ಗುಂಡಿಗಳೆಲ್ಲ ಮುಚ್ಚಿಹೋಗುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ನಿಜ ಮನುಷ್ಯನ ಅಂಗಿಯ ನೆರಿಗೆಯಲ್ಲಿ ನೆರಳು ತಾನಾಗಿಯೇ ಬೀಳುತ್ತದೆ. ಎರಡು ಅಂಗುಲದ ಬೊಂಬೆಯ ನೆರಿಗೆ ಎಷ್ಟು ಆಳವಿದ್ದೀತು? ಆದ್ದರಿಂದ ನೆರಳನ್ನೂ ನಾವೇ ಬರೆಯಬೇಕು. ಕಪ್ಪುಛಾಯೆಯ ನೀರುಬಣ್ಣ ಹರಿಯಬಿಟ್ಟರೆ ಅದು ತಗ್ಗಿನಲ್ಲಿ ನಿಲ್ಲುತ್ತದೆ. ಒಣಗಿದ ಬಳಿಕ, ಬಹುಪಾಲು ಬಣ್ಣ ಒರೆಸಿಹಾಕಿದ ಕುಂಚವನ್ನು ಉಬ್ಬುಗಳ ಮೇಲೆ ಹಗುರಾಗಿ ಆಡಿಸಿದರೆ ಬೆಳಕು ಬಿದ್ದಂತೆ ಕಾಣುತ್ತದೆ. ಕುಂಚದ ತುದಿ ಚೂಪಾಗಲೆಂದು ಬಾಯಲ್ಲಿ ಮಾತ್ರ ಇಡಬೇಡಿ. ಹಳೆಯ ಸೀಸದ ಬೊಂಬೆ ಮುಟ್ಟಿದರೆ ಕೈ ತೊಳೆಯದೆ ಊಟಕ್ಕೆ ಕೂಡಬೇಡಿ, ಚಿಕ್ಕ ಮಕ್ಕಳ ಕೈಗಂತೂ ಅದನ್ನು ಕೊಡಲೇಬೇಡಿ. ಓಕ್ ಮೊದಲಾದ ಕೆಲವು ಮರದ ಕಪಾಟಿನಲ್ಲಿ ಮುಚ್ಚಿಟ್ಟರೆ ಆ ಮರದ ಹುಳಿ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ. ಆ ಪುಡಿಯೂ ವಿಷವೇ. ಇನ್ನೊಂದು ಮಾತು: ಹಳೆಯ ಬೊಂಬೆಯ ಮೂಲ ಬಣ್ಣ ಮಾಸಿದ್ದರೂ ಅದರ ಮೇಲೆ ಹೊಸ ಬಣ್ಣ ಬಳಿಯಬೇಡಿ. ಸಂಗ್ರಾಹಕರು ಬೆಲೆ ಕಟ್ಟುವುದು ಆ ಮೂಲ ಬಣ್ಣಕ್ಕೇ.

ಕೈ ಪಳಗುವುದು ದೊಡ್ಡ ಮಾತಲ್ಲ. ಯಾವ ಬಣ್ಣ ಹಚ್ಚಬೇಕು ಎಂಬುದೇ ನಿಜವಾದ ಪರೀಕ್ಷೆ. ಇಂಗ್ಲಿಷ್ ಸಿಪಾಯಿಯ ಕೆಂಪು ಕೋಟನ್ನೇ ತೆಗೆದುಕೊಳ್ಳಿ. ಸಾಮಾನ್ಯ ಸಿಪಾಯಿಯ ಬಟ್ಟೆಗೆ ನಮ್ಮ ಮಂಜಿಷ್ಠದ ಜಾತಿಯ ಬೇರಿನ ಅಗ್ಗದ ಬಣ್ಣ. ಅಧಿಕಾರಿಯ ಬಟ್ಟೆಗೆ ಕಾಚಿನೀಲ್ ಕೀಟದ ದುಬಾರಿ ಕಡುಗೆಂಪು. ಇಬ್ಬರಿಗೂ ಒಂದೇ ಕೆಂಪು ಹಚ್ಚಿದರೆ ಒಂದು ಸತ್ಯ ಅಳಿಸಿಹೋಯಿತು. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಂಡು 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಂಡಿನೊಂದಿಗೆ ಹೈಫಾ ಪಟ್ಟಣವನ್ನು ಗೆದ್ದಿತು. ದೆಹಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದುಗಳ ಈ ಸವಾರರ ಸ್ಮಾರಕವೇ. ಆ ದಿನದ ಸವಾರನ ಬೊಂಬೆ ಮಾಡುವವರು ಮೆರವಣಿಗೆಯ ಝಗಮಗದ ಪೋಷಾಕು ಬಿಡಿಸಿದರೆ ತಪ್ಪಾಗುತ್ತದೆ. ರಣರಂಗದಲ್ಲಿ ಅವರ ಮೈಮೇಲೆ ಇದ್ದದ್ದು ಧೂಳು ಮೆತ್ತಿದ ಖಾಕಿ. ನಮ್ಮ ಕಿಲ್ಲಾದ ಮಾವಳೆಗಳೂ ಹಾಗೆಯೇ. ಸಂತೆಯಲ್ಲಿ ಎಲ್ಲರಿಗೂ ಒಂದೇ ಬಣ್ಣದ ಅಂಗಿ. ಆದರೆ ಯುರೋಪಿನ ಪಲ್ಟಣಗಳಂತೆ ಅವರಿಗೆ ಒಂದೇ ಸಮವಸ್ತ್ರ ಇರಲಿಲ್ಲ. ಅವರು ಸಹ್ಯಾದ್ರಿಯ ಕಣಿವೆಗಳ ರೈತಾಪಿ ಮಕ್ಕಳು.

ಬಂಧುಗಳೇ, ಇದೆಲ್ಲ ಪರದೇಶದ ಶೋಕಿ, ನಮಗೇನು ಎಂದು ನೀವು ಕೇಳಬಹುದು. ನಿಮ್ಮ ಊರ ಹನುಮಪ್ಪನ ಗುಡಿ ಹಿಂದೆ, ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇದ್ದೀತು, ಹೋಗಿ ನೋಡಿರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದ ಲಿಂಗ, ಸೂರ್ಯ ಚಂದ್ರ. ದನ ಬಿಡಿಸಲು, ಊರು ಕಾಯಲು ಹೋಗಿ ಮಡಿದ ಒಬ್ಬ ಸಾಮಾನ್ಯ ಮನುಷ್ಯನ ಗುರುತು ಅದು. ಅವನ ಕೈಯ ಕತ್ತಿ ಎಷ್ಟು ಉದ್ದ, ಗುರಾಣಿ ದುಂಡೋ ಚೌಕವೋ, ಕೂದಲು ಹೇಗೆ ಗಂಟು ಹಾಕಿದ್ದಾನೆ, ಕಾಸೆ ಹೇಗೆ ಬಿಗಿದಿದ್ದಾನೆ, ಎಲ್ಲ ಆ ಕಲ್ಲಿನಲ್ಲಿಯೇ ಇದೆ. ಬ್ರಿಟನ್ ಕಂಪನಿಗೂ ಸಿಗದ ಮಾದರಿ ನಮ್ಮ ಹಿತ್ತಲಲ್ಲಿಯೇ ನಿಂತಿದೆ.

ಒಂದು ನೋಟುಬುಕ್ಕಿನಲ್ಲಿ ಅದರ ಚಿತ್ರ ಬರೆದುಕೊಳ್ಳಿ, ಅಳತೆ ತೆಗೆಯಿರಿ, ಅಕ್ಷರಗಳಿದ್ದರೆ ಕಂಡಷ್ಟು ನಕಲು ಮಾಡಿಕೊಳ್ಳಿ. ಕಲ್ಲಿಗೆ ಮಾತ್ರ ಸುಣ್ಣ, ಎಣ್ಣೆ, ಬಣ್ಣ ಏನನ್ನೂ ಬಳಿಯಬೇಡಿ. ಮನೆಗೆ ಬಂದು ಸಣ್ಣ ತಂತಿಯ ಎಲುಬುಗೂಡು ಕಟ್ಟಿ, ಜೇಡಿಮಣ್ಣೋ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲೋ ಮೆತ್ತಿ ಆ ವೀರನನ್ನು ಅಂಗೈಯಷ್ಟು ಮಾಡಿರಿ. ಪ್ರತಿ ಬೊಂಬೆಗೂ ಪುಸ್ತಕದಲ್ಲಿ ಒಂದು ಪುಟ ಇರಲಿ: ಯಾವ ಊರಿನ ಕಲ್ಲು, ಎಂದು ನೋಡಿದ್ದು, ಯಾವುದು ಕಲ್ಲಿನಲ್ಲಿ ಇತ್ತು, ಯಾವುದು ನಮ್ಮ ಊಹೆ. ಜಮಾ ಖರ್ಚು ಬೇರೆ ಬೇರೆ ಬರೆದಂತೆ ಇವೆರಡನ್ನೂ ಬೇರೆ ಬರೆಯುವುದು ಈ ಹವ್ಯಾಸದ ಮುಖ್ಯ ಶಿಸ್ತು. ಬಟ್ಟೆಯ ಬಣ್ಣವನ್ನು ಕಲ್ಲು ಹೇಳುವುದಿಲ್ಲವಾದ್ದರಿಂದ ಅದನ್ನು ಊಹೆಯ ಕಡೆಗೇ ಬರೆಯಬೇಕು.

ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಬಂಡೆಗಳಾಗಿವೆ, ರಸ್ತೆಯ ಬುನಾದಿಗೆ ಹೋಗಿವೆ. ಗಡಿಯ ಗೆರೆ ಎಲ್ಲಿಯೇ ಬಿದ್ದಿರಲಿ, ನಮ್ಮ ಹಿರಿಯರು ಇಲ್ಲಿಯೇ ಬಾಳಿ ಇಲ್ಲಿಯೇ ಮಡಿದರು ಎನ್ನಲು ಆ ಕಲ್ಲುಗಳೇ ಸಾಕ್ಷಿ. ಬರುವ ದೀಪಾವಳಿಯ ಕಿಲ್ಲಾದಲ್ಲಿ, ಮಾವಳೆಗಳ ಪಕ್ಕದಲ್ಲಿ ನಿಮ್ಮೂರ ಕಲ್ಲಿನ ವೀರನೂ ಒಬ್ಬ ನಿಲ್ಲಲಿ. ನೋಡಲು ಬಂದವರು ಇವನು ಯಾರು ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಹೇಳುವುದನ್ನು ಮಕ್ಕಳಿಗೆ ಮೊದಲೇ ಕಲಿಸಿ ಇಡಿರಿ.