ಜಾಲದಲ್ಲಿ ಖಂಡಜಾತಿಯ ಪರಿವರ್ತನೆ

ಸೇತುವೆ, ಯಂತ್ರಭಾಗ ಮುಂತಾದುವುಗಳಲ್ಲಿ ಭಾರದಿಂದುಂಟಾಗುವ ವಿಕಾರವನ್ನು ಗಣಿಸಲು ವಸ್ತುವನ್ನು ಸಣ್ಣ ಖಂಡಗಳ ಜಾಲವಾಗಿ ವಿಭಾಗಿಸುವುದುಂಟು. ಇದಕ್ಕೆ ‘ಫೈನೈಟ್ ಎಲಿಮೆಂಟ್’ ಪದ್ಧತಿಯೆಂದು 1960ರಲ್ಲಿ ಹೆಸರಿಟ್ಟವರು ಅಮೆರಿಕದ ಎಂಜಿನಿಯರ್ ರೇ ಕ್ಲಫ್ ಎಂಬವರು. ಖಂಡಗಳು ಕೂಡುವ ಬಿಂದುಗಳನ್ನು ಗ್ರಂಥಿಗಳೆನ್ನಬಹುದು.

ಜಾಲವು ಸಿದ್ಧವಾದ ಮೇಲೆ ಖಂಡದ ಜಾತಿಯನ್ನು ಬದಲಾಯಿಸುವುದು ಎರಡು ವಿಧ. ಅಬಾಕಸ್ ಎಂಬ ಗಣಕತಂತ್ರದಲ್ಲಿ ಸಿ3ಡಿ8, ಸಿ3ಡಿ8ಆರ್ ಎಂಬ ಇಟ್ಟಿಗೆಯಾಕಾರದ ಖಂಡಗಳೆರಡಕ್ಕೂ ಗ್ರಂಥಿಗಳು 8. ಇಲ್ಲಿ ಹೆಸರನ್ನು ತಿದ್ದಿದರೆ ಸಾಕು, ಜಾಲವು ಕದಲದು. ಫಲ ಮಾತ್ರ ಬೇರೆ. ಉತ್ಪಲಮಾಲೆ, ಮತ್ತೇಭವಿಕ್ರೀಡಿತಗಳೆರಡಕ್ಕೂ ಪಾದಕ್ಕೆ 20 ಅಕ್ಷರಗಳಿದ್ದರೂ ಗಣವಿನ್ಯಾಸಭೇದದಿಂದ ವೃತ್ತವೇ ಬೇರೆಯಾಗುವಂತೆ ಇದು. ಮೊದಲನೆಯ ಖಂಡದಲ್ಲಿ ಗಣನೆಯು ಒಳಗಣ 8 ಸ್ಥಾನಗಳಲ್ಲಿ ನಡೆಯುವುದು. ಎರಡನೆಯದರಲ್ಲಿ ಒಂದೇ ಸ್ಥಾನದಲ್ಲಿ. ತೆಳುವಾದ ತೊಲೆ ಬಾಗುವಾಗ ಮೊದಲನೆಯದು ಅತಿಯಾಗಿ ಬಿಗಿಯುವುದು. ಎರಡನೆಯದು, ನಿಯಂತ್ರಣವಿಲ್ಲದಿದ್ದರೆ, ಪ್ರತಿರೋಧವನ್ನೇ ತೋರದೆ ಮರಳುಗಡಿಯಾರದ ಆಕಾರಕ್ಕೆ ವಕ್ರಿಸಬಲ್ಲುದು.

ಎರಡನೆಯ ವಿಧದಲ್ಲಿ ಗ್ರಂಥಿಸಂಖ್ಯೆಯೇ ಬದಲಾಗುವುದು. ಸಿ3ಡಿ8ನ್ನು ಸಿ3ಡಿ20 ಮಾಡಲು 12 ಅಂಚುಗಳ ನಡುವೆ ಒಂದೊಂದು ಗ್ರಂಥಿ ಬೇಕು. 8ಕ್ಕೆ 12 ಕೂಡಿ 20. ಚತುಷ್ಫಲಕದಲ್ಲಿ 4ಕ್ಕೆ 6 ಕೂಡಿ 10. ಅಂಚು ವಕ್ರಮುಖದ ಮೇಲಿದ್ದರೆ ಹೊಸ ಗ್ರಂಥಿಯೂ ಆ ವಕ್ರದ ಮೇಲೆಯೇ ಇರತಕ್ಕುದು. ಸರಳರೇಖೆಯ ಮಧ್ಯದಲ್ಲಿಟ್ಟರೆ ದುಂಡಾದ ರಂಧ್ರವು ಬಹುಭುಜವಾಗಿಯೇ ಉಳಿಯುವುದು.

ಗ್ರಂಥಿಗಳನ್ನು ಸೇರಿಸದೆ ಹೆಸರನ್ನಷ್ಟೇ ತಿದ್ದಿದರೆ ಗಣಕವು ತಪ್ಪನ್ನು ಸಾರಿ ನಿಲ್ಲುವುದು. ಮೊದಲ ವಿಧದಲ್ಲಿಯಾದರೋ ಅದು ಮೌನವಾಗಿ ಅಂಕಿಗಳನ್ನು ಕೊಡುವುದು, ಅಪಾಯವಿರುವುದು ಅಲ್ಲಿಯೇ. ಆದುದರಿಂದ ಉತ್ತರವು ಕೈಗಣಿತದಿಂದಲೇ ತಿಳಿದಿರುವ ಸರಳ ತೊಲೆಯೊಂದರಲ್ಲಿ ಹೊಸ ಜಾತಿಯನ್ನು ಪರೀಕ್ಷಿಸಿದ ಬಳಿಕವೇ ಸೇತುವೆಯ ಗಣನೆಗೆ ತೊಡಗುವುದು ಯುಕ್ತ.