ಎಡ ಅಂಗೈಯ ಮೇಲೆ

ಭಾನುವಾರ ಬೆಳಿಗ್ಗೆ ಬೆಳಗಾವಿ ಜಿಲ್ಲೆಯ ದೇಶನೂರಿನ ಓಣಿಗಳಿಗೆ ಅವಸರವಿಲ್ಲ. ಊರಾಚೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಮೊಳಕಾಲೆತ್ತರಕ್ಕೆ ಬಂದಿದೆ, ಅಕ್ಕಡಿ ಸಾಲುಗಳಲ್ಲಿ ಕಡಲೆ ಹಬ್ಬಿದೆ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಊರಿಗೆಲ್ಲ ಕೇಳುವಂತೆ ಹಾಡು ಹಾಕಿಕೊಂಡು ನೇಸರಗಿಯ ಕಡೆ ಉರುಳುತ್ತದೆ. ಕಟ್ಟೆಯ ಮೇಲೆ ಹಣೆತುಂಬ ವಿಭೂತಿ ಬಳಿದುಕೊಂಡ ಯಜಮಾನರು ಚಹಾ ಕುಡಿಯುತ್ತ ಸೋಯಾಬಿನ್ ದರ ಮಾತಾಡುತ್ತಿದ್ದಾರೆ. ಅವರ ಮುಂದೆಯೇ ತಲೆತುಂಬ ಸೆರಗು ಹೊದ್ದ ಹೆಂಗಸರು, ತಲೆಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡ ಮಕ್ಕಳು, ಬಿಳಿ ಟೊಪ್ಪಿಗೆಯ ಒಬ್ಬಿಬ್ಬರು ಮುದುಕರು ಮಠದ ಕಡೆ ನಡೆದಿದ್ದಾರೆ. ಹೊಸಬರು ನೋಡಿದರೆ ಇದೊಂದು ಲಿಂಗಾಯತ ಮಠ, ಇವರು ಸ್ವಾಮಿಗಳ ದರ್ಶನಕ್ಕೆ ಹೊರಟ ಭಕ್ತರು ಎಂದೇ ತಿಳಿದಾರು. ಮಠದ ಹೆಸರು ಓದಿದ ಮೇಲೂ ಆ ಎಣಿಕೆ ಬದಲಾಗಲಿಕ್ಕಿಲ್ಲ: ಸ್ನಾನಿಕ ಅರುಳಪ್ಪನವರ ವಿರಕ್ತ ಮಠ.

ಯೊರ್ದಾನ್ ಹೊಳೆಯಲ್ಲಿ ಯೇಸುವಿಗೆ ಸ್ನಾನದೀಕ್ಷೆ ಕೊಟ್ಟವನೇ ಈ ಸ್ನಾನಿಕ ಅರುಳಪ್ಪ. ಮಠ ನಡೆಸುವವರು ಯೇಸುಸಭೆಯ ಪಾದ್ರಿಗಳು. ಕಾವಿ ಉಡುತ್ತಾರೆ, ಮಾಂಸ ಮುಟ್ಟುವುದಿಲ್ಲ, ಜನರ ಬಾಯಲ್ಲಿ ಸ್ವಾಮಿಗಳೇ ಆಗಿದ್ದಾರೆ. ಕಟ್ಟಡವೂ ಈ ಸೀಮೆಯ ಮಠಗಳ ಧಾಟಿಯದು. ಬೆಳಗಾವಿಯ ದಂಡಿನ ಪ್ರದೇಶದಲ್ಲಿ ಬ್ರಿಟಿಷರು ಕಟ್ಟಿಸಿದ ಚೂಪುಕಮಾನಿನ ಇಗರ್ಜಿಗಳಿಗೂ ಇದಕ್ಕೂ ಯಾವ ನಂಟೂ ಕಾಣದು.

ಒಳಗೆ ನೆಲದ ಮೇಲೆ ಕೂಟ. ಚಕ್ಕಳಮಕ್ಕಳ ಹಾಕಿ ಕುಳಿತ ಗಂಡಸರು, ತೊಡೆಯ ಮೇಲೆ ಕೂಸು ಮಲಗಿಸಿಕೊಂಡ ತಾಯಂದಿರು. ಹಾರ್ಮೋನಿಯಂ ಶ್ರುತಿ ಹಿಡಿದ ಕೂಡಲೇ ತಾಳ ಕೂಡಿಕೊಳ್ಳುತ್ತದೆ, ಭಜನೆಯ ಸೊಲ್ಲು ಮುಂದಿನವರಿಂದ ಹಿಂದಿನವರಿಗೆ ಸಾಗುತ್ತದೆ. ಬಲಿಪೂಜೆ ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಎಲ್ಲ ಕಡೆ ನಡೆಯುವ ಅದೇ ಕ್ರಮದ್ದು: ಪಾಪ ಒಪ್ಪಿಕೊಳ್ಳುವುದು, ವಾಕ್ಯ ಕೇಳುವುದು, ರೊಟ್ಟಿ ಮತ್ತು ದ್ರಾಕ್ಷಾರಸದ ಅರ್ಪಣೆ, ಪರಮಪ್ರಸಾದ. ದೀಪ, ಧೂಪ, ಆರತಿ, ಜೋಡಿಸಿದ ಕೈ ಮಾತ್ರ ಈ ನೆಲದವು.

ಪರಮಪ್ರಸಾದದ ಹೊತ್ತಿಗೆ ಸಾಲು ಮೆಲ್ಲಗೆ ಮುಂದೆ ಸರಿಯುತ್ತದೆ. ಬಲಗೈಯ ಮೇಲೆ ಎಡಗೈ ಇಟ್ಟು ಚಾಚುವುದು ಪದ್ಧತಿ. ತೆಳುವಾದ ರೊಟ್ಟಿಯ ಬಿಲ್ಲೆ ಎಡ ಅಂಗೈಯಲ್ಲಿ ಬೀಳುತ್ತದೆ. ಅದನ್ನು ಪಡೆದವರು ಒಂದು ಕ್ಷಣ ನಿಂತು ನೋಡುತ್ತಾರೆ, ಆಮೇಲೆ ಬಲಗೈ ಬೆರಳಿನಿಂದ ಎತ್ತಿ ಬಾಯಿಗಿಡುತ್ತಾರೆ. ಆ ಒಂದು ಕ್ಷಣ ಈ ಸೀಮೆಯವರಿಗೆ ಎಷ್ಟು ಪರಿಚಿತವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಓಣಿಯಲ್ಲಿ ಅದೇ ಮುಂಜಾನೆ ಒಬ್ಬ ತಾಯಿ ಮಿಂದು, ಹಣೆಗೆ ವಿಭೂತಿ ಧರಿಸಿ, ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ದಿಟ್ಟಿ ನೆಟ್ಟಿರುತ್ತಾಳೆ. ದೇವರನ್ನು ದೂರದ ಗರ್ಭಗುಡಿಯಿಂದ ಇಳಿಸಿ ಒಬ್ಬೊಬ್ಬರ ಕೈಗೂ ಕೊಟ್ಟದ್ದು ಹನ್ನೆರಡನೆಯ ಶತಮಾನದ ಶರಣರು. ಕಲ್ಯಾಣದಿಂದ ಉಳವಿಯ ಕಡೆ ಅವರು ಸಾಗಿದ ದಾರಿ ಇದೇ ಸೀಮೆಯನ್ನು ಹಾಯ್ದಿತ್ತೆಂದು ಜನ ನಂಬುತ್ತಾರೆ. ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳ ಎಂ.ಕೆ. ಹುಬ್ಬಳ್ಳಿಯ ಮಲಪ್ರಭೆಯಲ್ಲಿದೆ; ಅದೇ ಹೊಳೆ ಸವದತ್ತಿ, ರಾಮದುರ್ಗ ದಾಟಿ ಕೂಡಲಸಂಗಮಕ್ಕೆ ಸೇರುತ್ತದೆ.

ಇಷ್ಟಲಿಂಗಕ್ಕೂ ಪರಮಪ್ರಸಾದಕ್ಕೂ ತತ್ವದಲ್ಲಿ ಬಹಳ ಅಂತರವಿದೆ. ಒಂದು ಬಾಳುದ್ದಕ್ಕೂ ಮೈಮೇಲಿರುವುದು, ಇನ್ನೊಂದು ಉಂಡು ಒಳಗು ಮಾಡಿಕೊಳ್ಳುವುದು. ಒಂದಕ್ಕೆ ಏಕಾಂತ ಸಾಕು, ಇನ್ನೊಂದಕ್ಕೆ ಕೂಟ ಬೇಕು. ಆ ಅಂತರ ಮುಚ್ಚಿ ಎರಡೂ ಒಂದೇ ಎನ್ನುವುದು ಸೋಮಾರಿ ಸೌಹಾರ್ದ. ಆದರೆ ಆರಾಧನೆ ಕೊನೆಗೆ ಬಂದು ಮುಟ್ಟಬೇಕಾದದ್ದು ನನ್ನ ಕೈಯನ್ನು, ಬೇರೆ ಯಾರೂ ನನ್ನ ಪರವಾಗಿ ಅದನ್ನು ಹಿಡಿಯಲಾರರು ಎನ್ನುವ ತಿಳಿವಳಿಕೆ ಎರಡೂ ಓಣಿಗಳಲ್ಲಿ ಇದೆ. ಕ್ರೈಸ್ತ ಬಾಳಿನಲ್ಲಿ ಆರಾಧನೆ ಸ್ವಂತದ್ದಾಗುವುದೆಂದರೆ ಏನು ಎಂದು ಯಾರಾದರೂ ಕೇಳಿದರೆ ಗ್ರಂಥ ತೆರೆಯುವ ಮೊದಲು ಆ ಸಾಲನ್ನು ತೋರಿಸಬಹುದು. ನೂರು ಜನ ಕೂಡಿ ಹಾಡಿದವರು ಅಲ್ಲಿ ಒಬ್ಬೊಬ್ಬರಾಗಿ ಕೈಚಾಚುತ್ತಾರೆ.

ಇದೆಲ್ಲ ತಾನಾಗಿ ಬಂದದ್ದಲ್ಲ. ಹದಿನೇಳನೆಯ ಶತಮಾನದ ನಡುವೆ ಮೈಸೂರು ಸೀಮೆಗೆ ಬಂದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಸಂನ್ಯಾಸಿಯ ಉಡುಗೆ ತೊಟ್ಟು ಕನ್ನಡ ಕಲಿತು ಬರೆದರು. ಆದರೂ ಬಲಿಪೂಜೆಯ ಭಾಷೆ ಬದಲಾಗಲಿಲ್ಲ. ಲ್ಯಾಟಿನ್ ಮಂತ್ರ ಪಾದ್ರಿಯದಾಗಿತ್ತು. ಜನ ತಮ್ಮ ಪಾಡಿಗೆ ಜಪಮಾಲೆ ಎಣಿಸುತ್ತ ಕೂಡುವುದು ನಮ್ಮ ಇಗರ್ಜಿಗಳಲ್ಲೂ ವಾಡಿಕೆಯಾಗಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆಡುಭಾಷೆಗೆ ಬಾಗಿಲು ತೆರೆಯಿತು. 1969ರಲ್ಲಿ ಭಾರತದ ಇಗರ್ಜಿಗೆ ಹನ್ನೆರಡು ಅಂಶಗಳ ಅನುಮತಿ ಸಿಕ್ಕಿತು: ಪಾದರಕ್ಷೆ ಕಳಚಿ ನೆಲದ ಮೇಲೆ ಕೂಡಬಹುದು, ಮೇಣದಬತ್ತಿಯ ಬದಲು ಎಣ್ಣೆದೀಪ ಹಚ್ಚಬಹುದು, ಶಾಂತಿ ಹಂಚಿಕೊಳ್ಳುವಾಗ ಕೈಮುಗಿಯಬಹುದು, ಆರತಿ ಎತ್ತಬಹುದು, ಪಂಚಾಂಗ ಪ್ರಣಾಮ ಮಾಡಬಹುದು. ನಮ್ಮೂರಿನ ಪದ್ಧತಿಗೆ ರೋಮಿನಿಂದ ಪರವಾನಗಿ ತರಬೇಕಾಯಿತೆಂಬುದು ಸ್ವಲ್ಪ ನಗು ಬರಿಸುವ ಸಂಗತಿಯೇ.

ಪ್ರೊಟೆಸ್ಟಂಟರು ನಂಬಿಕೆಯನ್ನು ಈ ನೆಲದ್ದಾಗಿಸುವ ಕೆಲಸವನ್ನು ಛಂದಸ್ಸಿನಿಂದ ಆರಂಭಿಸಿದರು. ಧಾರವಾಡ–ಹುಬ್ಬಳ್ಳಿಯಲ್ಲಿ ಕೆಲಕಾಲ ಇದ್ದ ಬಾಸೆಲ್ ಮಿಷನ್ನಿನ ಕಿಟೆಲ್ ಕ್ರಿಸ್ತನ ಕಥೆಯನ್ನು ಕನ್ನಡದ ಮಟ್ಟುಗಳಿಗೆ ಒಗ್ಗಿಸಿ 1862ರಲ್ಲಿ 'ಕಥಾಮಾಲೆ' ಬರೆದರು. ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪ ಅದೇ ಮಿಷನ್ನಿನ ಬೋಧಕರಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಕ್ರಿಸ್ತನನ್ನು ನಂಬಲು ಸರ್ವಜ್ಞನನ್ನು ಬಿಡಬೇಕಾಗಿಲ್ಲ ಎಂಬುದನ್ನು ಅವರಷ್ಟು ದುಡಿದು ತೋರಿಸಿದವರು ಈ ಭಾಗದಲ್ಲಿ ಇನ್ನೊಬ್ಬರಿಲ್ಲ.

ಮಠದ ರೂಪಕ್ಕೆ ಎರಡು ಕಡೆಯಿಂದಲೂ ತಕರಾರಿದೆ. ಇದು ಮತಾಂತರಕ್ಕೆ ತೊಟ್ಟ ವೇಷ ಎನ್ನುತ್ತಾರೆ ಹೊರಗಿನವರು. ಇದು ತೀರ ಮಠದಂತಾಯಿತು, ಇಗರ್ಜಿ ಎಲ್ಲಿದೆ ಎನ್ನುತ್ತಾರೆ ಒಳಗಿನ ಕೆಲವರು. ಮೊದಲನೆಯ ಮಾತಿಗೆ ಮಠದ ಮೊಗಸಾಲೆಯಲ್ಲಿ ಹತ್ತು ನಿಮಿಷ ಕುಳಿತರೆ ಉತ್ತರ ಸಿಗುತ್ತದೆ: ನೆಲದ ಮೇಲೆ ಕುಳಿತೇ ಬೆಳೆದ ಜನರಿಗೆ ನೆಲದ ಮೇಲೆ ಕೂಡುವುದು ವೇಷವಾಗುವುದಿಲ್ಲ.

ಮೂರನೆಯ ತಕರಾರು ಹೆಚ್ಚು ತೂಕದ್ದು. ಕಾವಿ, ಸಸ್ಯಾಹಾರ, ಆರತಿ — ಇವೆಲ್ಲ ಯಾರ ಸಂಸ್ಕೃತಿ? ಗುಡಿಯ ಹೊಸ್ತಿಲ ಹೊರಗೇ ನಿಲ್ಲಿಸಲ್ಪಟ್ಟವರು ಕ್ರೈಸ್ತರಾಗಿ ಬಂದರೆ ಅವರಿಗೆ ಮತ್ತೆ ಅದೇ ಆರತಿ ತಟ್ಟೆಯೆ? 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಮೊದಲಾದ ದಲಿತ ದೈವಶಾಸ್ತ್ರ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿದೆ. ಅದಕ್ಕೆ ಉತ್ತರ ಹುಡುಕಲು ಈ ಸೀಮೆಯ ಇನ್ನೊಂದು ಬಗೆಯ ಆರಾಧನೆಯನ್ನೂ ನೋಡಬೇಕು.

ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಕೆಲಸ ಶುರು ಮಾಡಿದರು. 1904ರಲ್ಲಿ ಅದು ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಆಮೇಲೆ ಹಳ್ಳಿಗಳಲ್ಲಿ ಸಭೆಗಳು ಎದ್ದದ್ದು ಬಹುಪಾಲು ಊರ ಹೊರಗಿನ ಕೇರಿಗಳಲ್ಲಿ. ಒಂದೇ ಕೋಣೆಯ ಗುಡಿ, ತಗಡಿನ ಮಾಡು, ಗೋಡೆಗೆ ಸುಣ್ಣ, ಬಾಗಿಲ ಮೇಲೆ ಬಣ್ಣ ಮಾಸಿದ ಶಿಲುಬೆ. ಸಂಜೆಯ ಕೂಟಕ್ಕೆ ಹೊಲದ ಕೂಲಿಯಿಂದ ನೇರ ಬಂದವರ ಕಾಲಲ್ಲಿ ಇನ್ನೂ ಮಣ್ಣಿರುತ್ತದೆ. ಇಲ್ಲಿ ಮೌನಕ್ಕೆ ಅಷ್ಟು ಬೆಲೆಯಿಲ್ಲ. ದಪ್ಪು ಬಡಿಯುತ್ತದೆ, ಚಪ್ಪಾಳೆ ಏರುತ್ತದೆ. ಸಾಕ್ಷಿ ಹೇಳಲು ಒಬ್ಬೊಬ್ಬರೇ ಏಳುತ್ತಾರೆ: ಮಗ ಕುಡಿತ ಬಿಟ್ಟದ್ದು, ಎಮ್ಮೆ ಹಗುರಾಗಿ ಈದದ್ದು, ಸಂಘದ ಸಾಲ ತೀರಿದ್ದು. ಪಟ್ಟಣದ ಇಗರ್ಜಿಯವರು ಕೇಳಿದರೆ ಇದು ಆರಾಧನೆಯೋ ಸಂತೆಯೋ ಎಂದು ಹುಬ್ಬೇರಿಸಿಯಾರು. ಆದರೆ ವಾರದ ಎಲ್ಲ ಬಾಳನ್ನು ದೇವರ ಮುಂದೆ ಹರವಿ ಎಣಿಸಿಕೊಡುವ ಈ ರೀತಿ ನನಗೆ ಮಠದ ಧ್ಯಾನಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಾಗಿ ಕಂಡಿಲ್ಲ.

ಸುಗ್ಗಿ ಹಬ್ಬ ಬಂದರಂತೂ ಜೋಳ, ಕಡಲೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲವೂ ವೇದಿಕೆಯ ಮುಂದೆ. ಪ್ರಾರ್ಥನೆ ಮುಗಿದ ಕೂಡಲೇ ಲಿಲಾವು. ಹತ್ತು ರೂಪಾಯಿಯ ಬದನೆಕಾಯಿ ಇನ್ನೂರಕ್ಕೆ ಏರುತ್ತದೆ, ಕೂಗಿದವ ನಗುತ್ತ ದುಡ್ಡು ಎಣಿಸುತ್ತಾನೆ. ಮೊದಲ ಫಲ ದೇವರದು ಎಂಬ ಹಳೆಯ ಒಡಂಬಡಿಕೆಯ ಮಾತು ರೈತಾಪಿ ಜನಕ್ಕೆ ವಿವರಿಸಬೇಕಾಗಿಲ್ಲ. ನೆರೆಹೊಲದವರು ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವುದೂ ಇದೇ ಲೆಕ್ಕದಲ್ಲಿ.

ಅಂಥದೊಂದು ಕೂಟ ಮುಗಿದು ಹೊರಬಂದಾಗ ಕೋಲೂರಿಕೊಂಡು ಮೆಟ್ಟಿಲಿಳಿಯುತ್ತಿದ್ದ ಮುದುಕಿಯನ್ನು ಕೇಳಿದೆ: "ಏನ್ ಬೇಡಕೊಂಡ್ರಿ ಆಯಿ?"

"ಬೇಡೂದೇನೈತೋ ತಮ್ಮಾ? ಆತಗ ಎಲ್ಲಾ ಗೊತ್ತೈತಿ. ಸುಮ್ಮ ಹೋಗಿ ಮುಂದ ಕುಂತ ಬರತೀನಿ."

"ಮುಂದ ಯಾಕ್ರಿ? ಹಿಂದ ಗ್ವಾಡಿಗಿ ಆತು ಕೂಡಾಕ ಜಾಗಾ ಇತ್ತಲ್ಲ?"

ಆಕೆ ನನ್ನನ್ನು ಮೇಲೆ ಕೆಳಗೆ ನೋಡಿದಳು. "ನಮ್ಮಪ್ಪನ್ನ ಗುಡಿ ಕಟ್ಟಿಮ್ಯಾಗೂ ಹತ್ತಗೊಡತಿದ್ದಿಲ್ಲ. ಅದಕ್ಕ ನಾ ಮುಂದ ಕೂಡತೀನಿ."

ಆರಾಧನೆಯ ಅರ್ಥದ ಬಗ್ಗೆ ನಾನು ಓದಿದ ದೈವಶಾಸ್ತ್ರವೆಲ್ಲ ಈ ಮಾತಿನ ಹಿಂದೆ ನಿಲ್ಲಬೇಕು. ಬೇಡಿಕೆಯಿಲ್ಲದೆ, ಬೆಲೆಕಟ್ಟಿಸಿಕೊಳ್ಳದೆ, ತನ್ನನ್ನು ಬಲ್ಲವನ ಎದುರು ತಲೆಯೆತ್ತಿ ಕೂಡುವುದು. ಒಬ್ಬರಿಗೆ ಅದು ಎಡ ಅಂಗೈಗೆ ಇಳಿದ ರೊಟ್ಟಿಯಾಗಿ ಬರುತ್ತದೆ, ಇನ್ನೊಬ್ಬರಿಗೆ ಮುಂದಿನ ಸಾಲಿನ ಜಾಗವಾಗಿ. ದೇಶನೂರಿನ ಮಠವೇ ಮಾದರಿ, ಕೇರಿಯ ಗುಡಿ ಒರಟು ಎನ್ನುವವರು ಆರಾಧನೆಯನ್ನು ರುಚಿಯ ಪ್ರಶ್ನೆ ಮಾಡಿಕೊಂಡಿದ್ದಾರೆ.

ರಾಣಿ ಚನ್ನಮ್ಮನ ಸಮಾಧಿ, ಕಿತ್ತೂರ ಕೋಟೆ, ಸೊಗಲದ ಜಲಪಾತ, ಎಲ್ಲಮ್ಮನ ಗುಡ್ಡ ನೋಡಲು ಈ ಕಡೆ ಬರುವವರು ಬಹಳ. ಅವರಲ್ಲಿ ಯಾರಿಗಾದರೂ ಈ ಎರಡೂ ಕೂಟ ನೋಡುವ ಮನಸ್ಸಾದರೆ ಭಾನುವಾರವೇ ಬನ್ನಿ. ಮೊಬೈಲು ಜೇಬಿನಲ್ಲಿಯೇ ಇರಲಿ. ಪರಮಪ್ರಸಾದದ ಸಾಲು ದೀಕ್ಷೆ ಪಡೆದವರಿಗೆ ಮಾತ್ರ, ಅಲ್ಲಿ ನಿಲ್ಲಬೇಡಿ. ಉಳಿದಂತೆ ಎಲ್ಲಿ ಬೇಕಾದರೂ ಕೂಡಿರಿ, ಎಬ್ಬಿಸುವವರು ಯಾರೂ ಇಲ್ಲ.